ಬೀದಿ ಕಾಯುವವರು: ತಳವಾರನಿಂದ ಗೂರ್ಖಾವರೆಗೆ

ರಾತ್ರಿ ಒಂದು ಗಂಟೆಯ ಸುಮಾರಿಗೆ ಬೀದಿಯ ತಿರುವಿನಲ್ಲಿ ಒಂದು ಸೀಟಿ. ಅದರ ಬೆನ್ನಿಗೇ ರಸ್ತೆಯ ಮೇಲೆ ಕೋಲು ಕುಟ್ಟುವ ಸದ್ದು. ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬೆಳೆದವರಿಗೆ ಗೂರ್ಖಾನ ಈ ಸದ್ದು ಚೆನ್ನಾಗಿ ನೆನಪಿರುತ್ತದೆ. ತಿಂಗಳ ಮೊದಲ ವಾರದಲ್ಲಿ ಆತ ಮನೆಮನೆಯ ಗೇಟಿನ ಮುಂದೆ ನಿಂತು ಸಲಾಮು ಹೊಡೆಯುತ್ತಿದ್ದ. ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದ. ಕೊಡದ ಮನೆಯ ಮುಂದೆ ಕೋಲಿನ ಸದ್ದು ತುಸು ಜೋರಾಗಿಯೇ ಕೇಳುತ್ತಿತ್ತು ಎನ್ನುವವರೂ ಇದ್ದಾರೆ. ಸೀಟಿ ಊದಿಕೊಂಡು ಬಂದರೆ ಕಳ್ಳನಿಗೆ ಮೊದಲೇ ಸುಳಿವು ಕೊಟ್ಟಂತಾಗುವುದಿಲ್ಲವೇ ಎಂದು ಗೇಲಿ ಮಾಡುವುದುಂಟು. ಆದರೆ ಸುಳಿವು ಕೊಡುವುದೇ ಆ ಸೀಟಿಯ ಕೆಲಸ. ಕಳ್ಳನನ್ನು ಹಿಡಿಯುವುದು ಪೊಲೀಸರ ಪಾಲಿನದು. ಕಳ್ಳ ಈ ಬೀದಿಯನ್ನು ಬಿಟ್ಟು ಹೋದರೆ ಕಾವಲುಗಾರನಿಗೆ ಅಷ್ಟೇ ಸಾಕು. ಪಕ್ಕದ ಬೀದಿಗೆ ಹೋದನೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕಾವಲು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ಕಾಯುವ ಕೆಲಸಕ್ಕೂ ಕಾವಲು ಎನ್ನುತ್ತೇವೆ. ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲಿಗೂ ಅದೇ ಹೆಸರು. ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಮೀಸಲಾದ ಕಾವಲುಗಳು ಹಳೆಯ ಮೈಸೂರಿನ ಉದ್ದಗಲಕ್ಕೂ ಇದ್ದವು. ದಂಡು ಪ್ರದೇಶದ ಉತ್ತರಕ್ಕಿರುವ ಕಾವಲ್ ಬೈರಸಂದ್ರದ ಹೆಸರಿನಲ್ಲಿ ಉಳಿದಿರುವುದು ಈ ಹುಲ್ಲಿನ ಕಾವಲೇ ಇರಬೇಕು. ಎರಡೂ ಅರ್ಥಗಳಿಗೆ ಬೇರು ಒಂದೇ. ಬೇರೆಯವರು ನುಗ್ಗದಂತೆ ನೋಡಿಕೊಳ್ಳುವುದು ಕಾವಲು. ಹಾಗೆ ನೋಡಿಕೊಂಡ ಜಾಗವೂ ಕಾವಲು. ಈ ‘ಬೇರೆಯವರು’ ಯಾರು ಎಂಬಲ್ಲಿಂದಲೇ ತಂಟೆಯೂ ಶುರುವಾಗುತ್ತದೆ.

ಊರನ್ನು ಊರವರೇ ಕಾಯುವ ಪದ್ಧತಿ ಪೊಲೀಸರಿಗಿಂತ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಹತ್ತು, ಇಪ್ಪತ್ತು, ನಲವತ್ತು ಮನೆಗಳಿಗೆ ಒಬ್ಬನಂತೆ ಗೋಪನೆಂಬ ಅಧಿಕಾರಿ ಇರುತ್ತಾನೆ. ಮನೆಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ಯಜಮಾನ ತಿಳಿಸಬೇಕು. ರಾತ್ರಿ ವಾದ್ಯದ ಸದ್ದಾದ ಮೇಲೆ ಬೀದಿಯಲ್ಲಿ ತಿರುಗಾಡಕೂಡದು. ಕನ್ನಡ ನಾಡಿನ ವೀರಗಲ್ಲುಗಳು ಹೇಳುವುದು ಇದೇ ಕಥೆಯ ಇನ್ನೊಂದು ಮುಖವನ್ನು. ತುರುಗೋಳಿನಲ್ಲಿ, ಅಂದರೆ ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವರು, ಊರಳಿವಿನಲ್ಲಿ ಕಾದಿ ಬಿದ್ದವರು, ಹೆಣ್ಣಿನ ಮೊರೆ ಕೇಳಿ ಹೋಗಿ ಪ್ರಾಣ ಬಿಟ್ಟವರು – ಈ ಕಲ್ಲುಗಳು ಅವರವು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಸುಮಾರು ಕ್ರಿ.ಶ. 750ರ ಕಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು. ನಾಡಿನ ಮೇಲೆ ದಾಳಿ ಬಂದಾಗ ಕಾದಿ ಮಡಿದ ಕಿತ್ತಯ್ಯನ ಹೆಸರನ್ನು ಅದು ಉಳಿಸಿದೆ. ಹಲಸೂರು ಕೆರೆಯ ಬಳಿ, ಈಗ ಸೈನ್ಯದ ಆವರಣದೊಳಗಿರುವ ಕೆಂಪೇಗೌಡರ ಗೋಪುರವನ್ನು ಜನ ಕಾವಲು ಗೋಪುರವೆಂದೇ ಕರೆಯುತ್ತ ಬಂದಿದ್ದಾರೆ. ನಾಲ್ಕು ದಿಕ್ಕಿನ ನಾಲ್ಕು ಗೋಪುರಗಳಲ್ಲಿ ಅದೂ ಒಂದು.

ದಿನನಿತ್ಯದ ಕಾವಲು ಮಾತ್ರ ವೀರರದಲ್ಲ, ತಳವಾರನದು. ಹಳೆಯ ಮೈಸೂರಿನ ಹನ್ನೆರಡು ಆಯಗಾರರ ಪೈಕಿ ಗೌಡ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರಗಂಟಿ ಇದ್ದರು. ತಳವಾರ ಕಳ್ಳಕಾಕರ ಮೇಲೆ ಕಣ್ಣಿಡುತ್ತಿದ್ದ; ತೋಟಿ ಬೆಳೆಯನ್ನೂ ಊರಿನ ಎಲ್ಲೆಯನ್ನೂ ಕಾಯುತ್ತಿದ್ದ. ಅವರಿಗೆ ಸಂಬಳವಿಲ್ಲ, ಕಣದಲ್ಲಿ ಸಿಗುವ ಕಾಳಿನ ಪಾಲು, ತುಂಡು ಇನಾಮು ಭೂಮಿ ಅಷ್ಟೇ. ಅದಕ್ಕೆ ಪ್ರತಿಯಾಗಿ ಹೊಣೆಯೂ ಬಿಗಿಯಾಗಿತ್ತು. ಕಳುವಾದರೆ ಕಳ್ಳನ ಹೆಜ್ಜೆಯ ಜಾಡನ್ನು ಹಿಡಿದು ಹೋಗಿ, ಅದು ಮುಂದಿನ ಊರಿನ ಎಲ್ಲೆ ದಾಟಿದೆಯೆಂದು ತೋರಿಸಬೇಕು. ಆಗ ಹೊಣೆ ಆ ಊರಿನ ತಳವಾರನ ಹೆಗಲಿಗೆ. ತೋರಿಸಲಾಗದಿದ್ದರೆ ನಷ್ಟ ತುಂಬಿಕೊಡಬೇಕಾದ ಪದ್ಧತಿ ದಕ್ಷಿಣದ ಅನೇಕ ಕಡೆ ಇತ್ತು. ಇಂದಿನ ಯಾವ ಸೆಕ್ಯೂರಿಟಿ ಕಂಪೆನಿಯೂ ಇಂಥ ಕರಾರಿಗೆ ಸಹಿ ಹಾಕಲಾರದು!

ಈ ಪದ್ಧತಿಗೂ ಒಂದು ಕತ್ತಲೆಯ ಮಗ್ಗುಲಿತ್ತು. ತಮಿಳು ಜಿಲ್ಲೆಗಳಲ್ಲಿ ಕಳ್ಳರ್, ಮರವರ್ ಮೊದಲಾದ ಸಮುದಾಯಗಳಿಗೆ ಊರುಗಳು ಕಾವಲು ಹಣ ಕೊಡುತ್ತಿದ್ದವು. ಕೊಡದಿದ್ದರೆ ಕಾಯುವವನೇ ಕದಿಯುವ ಭಯ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬ್ರಿಟಿಷರು ಇದನ್ನು ಸರಿಪಡಿಸಲು ಹೋಗಿ ಇನ್ನೂ ದೊಡ್ಡ ಅನ್ಯಾಯ ಮಾಡಿದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಘೋಷಿಸಿತು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಅಲೆಮಾರಿಗಳು, ಹಿಂದೆ ಕಾವಲುಗಾರರಾಗಿದ್ದವರು, ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕಾದವರಾದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಆದರೆ ಬೀದಿಗೆ ಬಂದ ಅಪರಿಚಿತನನ್ನು ಅವನ ಬಟ್ಟೆ, ಭಾಷೆ, ಗುಡಾರ ನೋಡಿ ಅಳೆಯುವ ಚಾಳಿ ಕಾಯ್ದೆಯ ಜೊತೆ ರದ್ದಾಗಲಿಲ್ಲ.

ಬೆಂಗಳೂರಿನ ದಂಡು ಇಂಥ ಹಳ್ಳಿಗಳ ನಡುವೆ ಬಂದು ಕೂತದ್ದು. ಹಲಸೂರಿನ ಬಳಿ 1807ರಿಂದ 1809ರ ನಡುವೆ ಬ್ರಿಟಿಷ್ ಸೈನ್ಯದ ನೆಲೆ ಹುಟ್ಟಿತು; ಸುತ್ತ ಬಜಾರುಗಳು ಬೆಳೆದವು. ಇಂದಿನ ಶಿವಾಜಿನಗರವನ್ನು ಹಿಂದೆ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಹೀಗಾಗಿ ಒಂದೇ ಊರಿಗೆ ಎರಡು ಆಡಳಿತ, ಎರಡು ಪೊಲೀಸು, ಎರಡು ನ್ಯಾಯಾಲಯ. ಪೇಟೆಯಲ್ಲಿ ಜೇಬು ಕತ್ತರಿಸಿದವನಿಗೆ ಕಬ್ಬನ್ ಪಾರ್ಕ್ ದಾಟುವುದು ಎಷ್ಟು ಅನುಕೂಲವಾಗಿತ್ತು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. 1947ರ ಜುಲೈ 26ರಂದು ಈ ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು.

ದಂಡಿನಲ್ಲಿ ‘ವಾಲಂಟಿಯರ್’ ಎಂಬ ಪದಕ್ಕೆ ಬಂದೂಕಿನ ವಾಸನೆಯಿತ್ತು. 1857ರ ಭಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, 1868ರಲ್ಲಿ, ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಪಡೆ ಹುಟ್ಟಿತು. ಯುರೋಪಿಯನ್ನರೂ ಆಂಗ್ಲೋ ಇಂಡಿಯನ್ನರೂ ಬಿಡುವಿನಲ್ಲಿ ಕವಾಯತು ಮಾಡಿ, ಹೊತ್ತು ಬಂದರೆ ತಮ್ಮ ಬೀದಿಗಳನ್ನು ತಾವು ಕಾಯಲು ಸಿದ್ಧರಾಗುವುದು ಅದರ ಉದ್ದೇಶ. ಯಾರಿಂದ ಕಾಯುವುದು? ನೆರೆಯ ಬಜಾರಿನವರಿಂದಲೇ. ಇದಕ್ಕೆ ಇದಿರಾಗಿ ಇನ್ನೊಂದು ಬಗೆಯ ಸ್ವಯಂಸೇವೆ ಹುಬ್ಬಳ್ಳಿಯ ಕಡೆಯಿಂದ ಬಂತು. ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದವರು ಬಂದೂಕಿಲ್ಲದೆ ಸಭೆಗಳ, ಮೆರವಣಿಗೆಗಳ ಶಿಸ್ತು ನೋಡಿಕೊಳ್ಳಲು ಕಲಿತರು. ಇಂದಿಗೂ ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಸುತ್ತ ಸಾವಿರಗಟ್ಟಲೆ ಜನ ಸೇರಿದಾಗ ಹಗ್ಗ ಹಿಡಿದು ಸಾಲು ಮಾಡಿಸುವ ಹುಡುಗರು ಮಾಡುವುದು ಇದೇ ಕೆಲಸವನ್ನು.

ಎರಡನೆಯ ಮಹಾಯುದ್ಧ ಈ ಕೆಲಸಕ್ಕೆ ಸರ್ಕಾರಿ ಟೋಪಿ ತೊಡಿಸಿತು. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದಾಗ ದಕ್ಷಿಣದ ಊರುಗಳೆಲ್ಲ ನಡುಗಿದವು. ವಿಮಾನ ಕಾರ್ಖಾನೆಯಿದ್ದ ಬೆಂಗಳೂರಿಗಂತೂ ಭಯ ಹೆಚ್ಚು. ದೀಪ ಮರೆಮಾಡಿದ್ದಾರೆಯೇ ಎಂದು ನೋಡುತ್ತ ರಾತ್ರಿ ಬೀದಿ ತಿರುಗುವ ಎ.ಆರ್.ಪಿ. ವಾರ್ಡನ್‌ಗಳ ಕಾಲ ಅದು. ಗೃಹರಕ್ಷಕ ದಳ ಮೊದಲು ಹುಟ್ಟಿದ್ದು 1946ರ ಡಿಸೆಂಬರ್‌ನಲ್ಲಿ, ಮುಂಬಯಿಯಲ್ಲಿ, ಕೋಮುಗಲಭೆಯ ದಿನಗಳಲ್ಲಿ. 1962ರ ಚೀನಾ ಯುದ್ಧ ಅದನ್ನು ದೇಶದಾದ್ಯಂತ ಹಬ್ಬಿಸಿತು. ನಮ್ಮ ರಾಜ್ಯದ ಗೃಹರಕ್ಷಕ ಕಾಯ್ದೆಯೂ ಅದೇ 1962ರದು.

ಅರವತ್ತರ ದಶಕದ ಆ ಮೂರು ವರ್ಷಗಳು ಕಾವಲಿನ ಇತಿಹಾಸದಲ್ಲಿ ಮುಖ್ಯವಾದವು. ಆದರೂ ಯಾರೂ ಅವನ್ನು ಒಟ್ಟಿಗೆ ಇಟ್ಟು ನೋಡಿದಂತಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ತಳವಾರ, ತೋಟಿ ಮೊದಲಾದ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಅದೇ 1963ರಲ್ಲಿ ಬೆಂಗಳೂರಿಗೆ ಪೊಲೀಸ್ ಕಮೀಷನರ್ ಬಂದರು. ಮರುವರ್ಷ, 1964ರಲ್ಲಿ, ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಅಂದರೆ ಹುಟ್ಟಿನಿಂದ ಬಂದ ಕಾವಲುಗಾರನನ್ನು ಮನೆಗೆ ಕಳಿಸಿ, ಆ ಜಾಗಕ್ಕೆ ಸ್ವಇಚ್ಛೆಯಿಂದ ಬರುವ ದಳಪತಿಯನ್ನು ಕರೆದರು. ಜಾತಿಗೆ ಅಂಟಿಕೊಂಡಿದ್ದ ಬಿಟ್ಟಿ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ತಳವಾರನಿಗಿದ್ದ ಹೊಣೆ ಹೊಸಬರ ಮೇಲೆ ಬೀಳಲಿಲ್ಲ. ಊರು ನಗರದೊಳಗೆ ಸೇರಿಹೋದ ಕಡೆ, ಕೃಷ್ಣರಾಜಪುರದ ಸುತ್ತಲಿನ ಹಳ್ಳಿಗಳಂಥಲ್ಲಿ, ತಳವಾರನೂ ಇಲ್ಲ, ಗ್ರಾಮ ರಕ್ಷಣಾ ದಳಕ್ಕೆ ಗ್ರಾಮವೂ ಉಳಿಯಲಿಲ್ಲ.

ಈ ಖಾಲಿ ಜಾಗದಲ್ಲಿ ಬಂದು ನಿಂತವನೇ ಗೂರ್ಖಾ. ಎಪ್ಪತ್ತರ ದಶಕದಲ್ಲಿ ಇಂದಿರಾನಗರ ಬೆಳೆಯತೊಡಗಿದಾಗ ಅಲ್ಲಿ ನಿವೇಶನಗಳು ದೊಡ್ಡವು, ಮನೆಗಳು ದೂರದೂರ. ನಿವೃತ್ತ ಸೈನಿಕರ ಡಿಫೆನ್ಸ್ ಕಾಲೊನಿ ಒಂದು ಕಡೆ, ಎಚ್.ಎ.ಎಲ್., ಐ.ಟಿ.ಐ. ನೌಕರರ ಮನೆಗಳು ಇನ್ನೊಂದು ಕಡೆ. ಕಾರ್ಖಾನೆಯ ಪಾಳಿಗೆ ಗಂಡಸರು ಹೋದ ಮೇಲೆ ಬೀದಿ ನಿರ್ಜನ. ಶಿವಾಜಿನಗರದ ಕಥೆ ಬೇರೆ. 1927ರ ರಸೆಲ್ ಮಾರ್ಕೆಟ್ಟಿನ ಹಿಂದುಮುಂದಿನ ಓಣಿಗಳಲ್ಲಿ ನಸುಕಿನಲ್ಲೇ ತರಕಾರಿ ಗಾಡಿ, ಮಾಂಸದಂಗಡಿ, ಹೂವಿನ ರಾಶಿ, ಮಧ್ಯರಾತ್ರಿಯವರೆಗೂ ಚಹದಂಗಡಿ. ರಂಜಾನಿನಲ್ಲಿ ಸಹರಿಗೆ ಎಬ್ಬಿಸಲು ಓಣಿ ಸುತ್ತುವವರು ಬೇರೆ. ಅಲ್ಲಿ ಬೀದಿ ಮಲಗುವುದೇ ಇಲ್ಲ. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ತಮ್ಮ ಗ್ರಂಥದಲ್ಲಿ ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಮೊದಲು ಬೀದಿಯ ಮೇಲಿನ ಕಣ್ಣುಗಳು ಎಂದು ವಾದಿಸಿದರು: ಅಂಗಡಿಯವನು, ಜಗಲಿಯ ಮೇಲೆ ಕೂತ ಅಜ್ಜಿ, ಕಿಟಕಿಯಲ್ಲಿ ನಿಂತ ಹೆಂಗಸು. ಓಣಿಗಳಿಗೆ ಇಂಥ ಕಣ್ಣುಗಳು ಬಿಟ್ಟಿಯಾಗಿ ಸಿಕ್ಕವು; ಕಾಂಪೌಂಡು ಕಟ್ಟಿಕೊಂಡ ಬಡಾವಣೆಗಳು ಅವನ್ನು ತಿಂಗಳ ಲೆಕ್ಕದಲ್ಲಿ ಕೊಳ್ಳಬೇಕಾಯಿತು. ಶಿವಾಜಿನಗರದಲ್ಲಿ ಕಳವು ಇಲ್ಲವೆಂದಲ್ಲ. ಜೇಬುಗಳ್ಳರಿಗೆ ಗದ್ದಲವೇ ಬಂಡವಾಳ. ಆದರೆ ಮನೆಗೆ ಕನ್ನ ಹಾಕುವವನಿಗೆ ಬೇಕಾದದ್ದು ನಿಶ್ಶಬ್ದ.

ಇಂಗ್ಲೆಂಡ್, ಅಮೆರಿಕಗಳಲ್ಲಿಯೂ ಇದೇ ನಿಶ್ಶಬ್ದ ಬಡಾವಣೆಗಳೇ ನೆರೆಹೊರೆ ಕಾವಲಿನ ಚಳವಳಿಯನ್ನು ಹುಟ್ಟಿಸಿದ್ದು. ಅಮೆರಿಕದ ಷೆರೀಫರ ಸಂಘ 1972ರಲ್ಲಿ ಅದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಮಾಡಿತು. ಬ್ರಿಟನ್ನಿನಲ್ಲಿ 1982ರಲ್ಲಿ ಚೆಶೈರ್ ಪ್ರಾಂತದ ಮಾಲಿಂಗ್ಟನ್ ಎಂಬ ಹಳ್ಳಿಯಿಂದ ಅದು ಆರಂಭವಾಯಿತು. ನಮ್ಮಲ್ಲಿ 1993ರಲ್ಲಿ ರಾಮನಾಥಪುರದ ಪೊಲೀಸ್ ಅಧಿಕಾರಿ ಪ್ರತೀಪ್ ಫಿಲಿಪ್ ‘ಪೊಲೀಸರ ಗೆಳೆಯರು’ ಎಂಬ ಕಾರ್ಯಕ್ರಮ ತೊಡಗಿದರು. ಅದಕ್ಕೂ ಮೊದಲು, 1988ರಲ್ಲಿ, ಗಲಭೆಗಳಿಗೆ ಕುಖ್ಯಾತವಾಗಿದ್ದ ಭಿವಂಡಿಯಲ್ಲಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದ್ದರು. 1992-93ರಲ್ಲಿ ಪಕ್ಕದ ಮುಂಬಯಿ ಉರಿಯುವಾಗ ಭಿವಂಡಿ ತಣ್ಣಗಿತ್ತು. ಬೆಂಗಳೂರಿನಲ್ಲಿ 2013ರಲ್ಲಿ ಜನಾಗ್ರಹ ಸಂಸ್ಥೆ ನಗರ ಪೊಲೀಸರೊಡನೆ ಸೇರಿ ‘ಏರಿಯಾ ಸುರಕ್ಷಾ ಮಿತ್ರ’ರನ್ನು ಆರಿಸಿತು. 2017ರಲ್ಲಿ ರಾಜ್ಯ ಪೊಲೀಸ್ ಇಲಾಖೆ ಗಸ್ತು ಪದ್ಧತಿಯನ್ನು ಸುಧಾರಿಸಿ, ಒಬ್ಬೊಬ್ಬ ಪೇದೆಗೆ ಒಂದೊಂದು ಬೀಟು, ಆ ಬೀಟಿಗೆ ನಾಗರಿಕ ಸದಸ್ಯರು ಎಂಬ ಏರ್ಪಾಟು ಮಾಡಿತು. ಕೌಟಿಲ್ಯನ ಗೋಪ ಖಾಕಿ ತೊಟ್ಟು ಮತ್ತೆ ಬಂದ ಎನ್ನಬಹುದೇನೋ.

ಇದರಿಂದ ಕಳವು ಕಡಿಮೆಯಾಗುತ್ತದೆಯೇ? ಪಾಶ್ಚಾತ್ಯರು ಅಳೆದು ನೋಡಿದ್ದಾರೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ 15 ಬೀಟುಗಳನ್ನು ಆರಿಸಿ, ಕೆಲವೆಡೆ ಪೊಲೀಸ್ ಗಸ್ತು ವಾಹನ ಹೆಚ್ಚಿಸಿ, ಕೆಲವೆಡೆ ತೆಗೆದೇಹಾಕಿ ನೋಡಿದರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಗಸ್ತು ನಿಂತದ್ದೇ ಅನೇಕರಿಗೆ ತಿಳಿಯಲಿಲ್ಲ. ನ್ಯೂವರ್ಕ್ ನಗರದಲ್ಲಿ ನಡೆದುಕೊಂಡು ಗಸ್ತು ತಿರುಗುವುದರ ಮೇಲೆ ನಡೆದ ಅಧ್ಯಯನ 1981ರಲ್ಲಿ ಹೇಳಿದ್ದು ಇನ್ನೂ ಸ್ವಾರಸ್ಯದ್ದು: ಅಪರಾಧ ಇಳಿಯಲಿಲ್ಲ, ಜನರ ಭಯ ಇಳಿಯಿತು. ನೆರೆಹೊರೆ ಕಾವಲಿನ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಾಮರ್ಶೆ, ಅಂಥ ಕಡೆ ಅಪರಾಧ ಶೇಕಡ 16ರಿಂದ 26ರಷ್ಟು ಕಡಿಮೆಯಾಗಿತ್ತೆಂದು ಕಂಡುಕೊಂಡಿತು. ಅದು ಕಾವಲಿನಿಂದಲೇ ಆಯಿತೋ, ಕಾವಲು ಕಟ್ಟುವಷ್ಟು ಒಗ್ಗಟ್ಟಿದ್ದ ಬೀದಿಗಳಾದ್ದರಿಂದ ಆಯಿತೋ ಎಂಬ ಚರ್ಚೆ ಮುಗಿದಿಲ್ಲ. ನನಗಂತೂ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ. ಪರಸ್ಪರ ಹೆಸರು ತಿಳಿದಿರುವ ಬೀದಿಯಲ್ಲಿ ಸೀಟಿಗೆ ಬೆಲೆ.

ಗೂರ್ಖಾನ ಕೋಲು ಭಯವನ್ನು ಇಳಿಸುತ್ತಿತ್ತು. ಭಯವನ್ನು ಏರಿಸುವ ಕಾವಲೂ ಇದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಅದು ಉತ್ತರವಂತೆ. ದೆವ್ವಕ್ಕೆ ಓದಲು ಬರುತ್ತದೆ, ಅದೂ ಕನ್ನಡ ಬರುತ್ತದೆ ಎಂಬ ನಂಬಿಕೆ ಖುಷಿಯದೇ ಅನ್ನಿ. ಅದೇ ದಶಕದ ಕೊನೆಗೆ ಹೊಸಕೋಟೆಯ ಬಳಿಯ ದಂಡುಪಾಳ್ಯದ ಹೆಸರು ಹೊತ್ತ ತಂಡದ ಸುದ್ದಿ ಬಂದಾಗ, ನೀರು ಕೇಳಿಕೊಂಡು ಬಂದವರಿಗೂ ಬಾಗಿಲು ತೆಗೆಯಲು ಜನ ಹೆದರಿದರು. ಆ ಅಪರಾಧಗಳು ನಿಜ. ಆದರೆ ಒಂದು ಊರಿನ ಹೆಸರೇ ಬೆದರುಗೊಂಬೆಯಾಗಿ, 2012ರಲ್ಲಿ ಸಿನಿಮಾದ ಹೆಸರೂ ಆಗಿ, ಅಲ್ಲಿನವರಿಗೆ ಅಂಟಿಕೊಂಡಿತು. 2018ರ ಹೊತ್ತಿಗೆ ದೆವ್ವ ಬಾಗಿಲಿನಿಂದ ಮೊಬೈಲಿಗೆ ಬಂದಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರವಾಗಿರಿ ಎಂಬ ವಾಟ್ಸಾಪ್ ಸಂದೇಶಗಳು ಹರಿದಾಡಿದವು. ಆ ವರ್ಷದ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಬಡಿದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬ ಇದೇ ವದಂತಿಗೆ ಬಲಿಯಾದ. ಹೊಡೆದವರಲ್ಲಿ ತಾವು ಬೀದಿ ಕಾಯುತ್ತಿದ್ದೇವೆಂದು ನಂಬಿದವರು ಇರಲಿಲ್ಲವೆಂದು ಹೇಳುವಂತಿಲ್ಲ.

ಕಾನೂನು ಈ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. ತನ್ನ ಕಣ್ಣೆದುರಿನಲ್ಲೇ ಜಾಮೀನು ಸಿಗದಂಥ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದಂಥ ಅಪರಾಧ ನಡೆದರೆ ಸಾಮಾನ್ಯ ನಾಗರಿಕನೂ ಅಪರಾಧಿಯನ್ನು ಹಿಡಿಯಬಹುದು. ಹಿಂದೆ ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯ 43ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 40ನೆಯ ಕಲಮು. ಹೊಸತರಲ್ಲಿ ಗಡುವೂ ಇದೆ: ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯುವ, ಕಂಬಕ್ಕೆ ಕಟ್ಟುವ, ‘ಬಾಯಿ ಬಿಡಿಸುವ’ ಅಧಿಕಾರ ಯಾವ ಸಂಘದ ಗುರುತಿನ ಚೀಟಿಯಿಂದಲೂ ಬರುವುದಿಲ್ಲ. ಬಡಾವಣೆಯಲ್ಲಿ ಗಸ್ತು ಕಟ್ಟಲು ಹೊರಟವರು ಬ್ಯಾಟರಿ, ಸೀಟಿ ಕೊಳ್ಳುವ ಮೊದಲು ಇದನ್ನು ಓದಿಕೊಳ್ಳುವುದು ಮೇಲು.

ಇಂದು ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನೀಲಿ ಅಂಗಿಯ ಗಾರ್ಡು ಮೊಬೈಲಿನಲ್ಲಿ ಬಂದವರ ಹೆಸರು ಒತ್ತುತ್ತಾನೆ. ಖಾಸಗಿ ಕಾವಲು ಸಂಸ್ಥೆಗಳಿಗೆ 2005ರ ಕಾಯ್ದೆಯಿದೆ. ಗಾರ್ಡುಗಳಲ್ಲಿ ಅಸ್ಸಾಮಿನವರು, ಒಡಿಶಾದವರು, ನೇಪಾಳದವರು ಬಹಳ. ಊರಿನವರನ್ನು ಕಾಯಲು ಹೊರಗಿನವರೇ ಬೇಕಾದದ್ದು ವಿಚಿತ್ರವೇ ಸರಿ. 2012ರ ಆಗಸ್ಟ್‌ನಲ್ಲಿ ಇದರ ಅರ್ಥ ನಗರಕ್ಕೆ ಮುಟ್ಟಿತು. ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಎಸ್ಸೆಮ್ಮೆಸ್ಸುಗಳಲ್ಲಿ ಹಬ್ಬಿ, ಸ್ವಾತಂತ್ರ್ಯ ದಿನದ ರಾತ್ರಿಯಿಂದ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಗಟು ಎಸ್ಸೆಮ್ಮೆಸ್ಸುಗಳನ್ನು ಕೇಂದ್ರ ಸರ್ಕಾರ 15 ದಿನ ನಿರ್ಬಂಧಿಸಿತು. ಹೋದವರಲ್ಲಿ ಸೆಕ್ಯೂರಿಟಿ ಗಾರ್ಡುಗಳು ಎಷ್ಟೋ ಜನ. ನಮ್ಮ ಗೇಟು ಕಾಯುತ್ತಿದ್ದವರಿಗೆ ನಮ್ಮ ಬೀದಿಯಲ್ಲಿ ತಮ್ಮನ್ನು ಕಾಯುವವರು ಇದ್ದಾರೆಂಬ ಧೈರ್ಯ ಇರಲಿಲ್ಲ.

ಹಲಸೂರಿನ ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ ಗೃಹರಕ್ಷಕ ದಳದ, ಪೌರ ರಕ್ಷಣೆಯ ಪ್ರಧಾನ ಕಚೇರಿಯಿದೆ. 2025ರ ಮೇ 7ರಂದು ದೇಶದಾದ್ಯಂತ ಯುದ್ಧಕಾಲದ ಅಣಕು ಕವಾಯತು ನಡೆದಾಗ ಬೆಂಗಳೂರಿನ ಪ್ರದರ್ಶನ ನಡೆದದ್ದು ಹಲಸೂರಿನಲ್ಲೇ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, 2020ರ ಆಗಸ್ಟ್ 11ರ ರಾತ್ರಿ, ಯಾವ ಸೈರನ್ನೂ ಇಲ್ಲದೆ ನಿಜವಾದ ಪರೀಕ್ಷೆಯೊಂದು ನಡೆದಿತ್ತು. ಫೇಸ್‌ಬುಕ್ಕಿನ ಒಂದು ಬರಹದ ಮೇಲೆ ಸಿಟ್ಟಿಗೆದ್ದ ಗುಂಪು ಕಾವಲ್ ಬೈರಸಂದ್ರದಲ್ಲಿದ್ದ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಬೆಂಕಿಯಿಟ್ಟಿತು. ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿ ಪೊಲೀಸ್ ಠಾಣೆಗಳಿಗೆ ನುಗ್ಗಿತು. ವಾಹನಗಳು ಉರಿದವು. ಪೊಲೀಸರ ಗೋಲಿಬಾರಿನಲ್ಲಿ ಮೂವರು ಸತ್ತರು. ಆ ಹೊತ್ತಿನಲ್ಲಿ ಠಾಣೆಯವರಿಗೆ ಠಾಣೆಯನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಬೀದಿಯ ಗುಡಿಯನ್ನು ನೋಡಲು ಯಾರಿಗೂ ಬಿಡುವಿರಲಿಲ್ಲ. ಡಿ.ಜೆ. ಹಳ್ಳಿಯ ಆಂಜನೇಯನ ಗುಡಿಯ ಸುತ್ತ ಆಗ ಅದೇ ಬೀದಿಯ ಮುಸಲ್ಮಾನ ಹುಡುಗರು ಕೈಗೆ ಕೈ ಕೋದು ಸರಪಳಿಯಾಗಿ ನಿಂತರು. ಮರುದಿನ ಕರ್ಫ್ಯೂ ಬಿದ್ದ ಊರು ಮನೆಯೊಳಗೇ ಕೂತು ಅದರ ಚಿತ್ರವನ್ನು ಮೊಬೈಲಿನಲ್ಲಿ ನೋಡಿತು. ಗುಡಿಗೆ ಏನೂ ಆಗಿರಲಿಲ್ಲ.